ಎರಗಿ ಎರಗಿ ಬರಿದೇ ಏಳುವ ಹಕ್ಕಿ: ಬೀಳು ಬಯಲಿನ ಹ್ಯಾರಿಯರ್ ಬೇಟೆಯ ಕುರಿತು

ಪ್ರಶ್ನೆ: ನಮ್ಮದು ಎರೆ ಹೊಲ. ಕಡಲೆ ಮತ್ತು ಹಿಂಗಾರಿ ಜೋಳದ ಹೊಲಗಳ ನಡುವೆ ಹಲವು ಎಕರೆ ಬೀಳು ಬಿದ್ದ ಹುಲ್ಲುಬಯಲಿದೆ. ನವೆಂಬರಿನಿಂದ ಅಲ್ಲಿ ತೆಳು ಬೂದು ಬಣ್ಣದ, ಉದ್ದ ರೆಕ್ಕೆಯ ಒಂದು ಹಕ್ಕಿಯೂ, ಕಂದು ಮೈಯ, ಬಾಲದ ಬುಡದಲ್ಲಿ ಬಿಳಿ ಪಟ್ಟಿಯಿರುವ ಇನ್ನೆರಡು ಹಕ್ಕಿಗಳೂ ಹುಲ್ಲಿಗೆ ತಾಗುವಷ್ಟು ಕೆಳಗೆ ಹಾರುತ್ತ ಬೇಟೆಯಾಡುತ್ತಿವೆ. ಇವು ಹ್ಯಾರಿಯರ್ ಎಂದು ಬಲ್ಲವರೊಬ್ಬರು ಹೇಳಿದರು. ಒಂದು ಬೆಳಿಗ್ಗೆ ಕಂದು ಹಕ್ಕಿ ಹದಿನಾಲ್ಕು ಸಲ ಹುಲ್ಲಿಗೆ ಎರಗಿದ್ದನ್ನು ಎಣಿಸಿದೆ; ಒಮ್ಮೆಯೂ ಅದರ ಕಾಲಲ್ಲಿ ಏನೂ ಕಾಣಲಿಲ್ಲ. ಕೊನೆಗೆ ನೆಲದ ಮೇಲೆ ಕುಳಿತದ್ದು ಬಹಳ ಹೊತ್ತು ಏಳಲೇ ಇಲ್ಲ. ಅದು ಹಸಿದು ಸೋತಿದೆಯೇ? ಕೋಳಿ ಮಾಂಸದ ತುಂಡುಗಳನ್ನು ಇಡಬಹುದೇ? ಫೋಟೊ ತೆಗೆಯಲು ಬರುವ ಹುಡುಗರು ಬೈಕಿನಲ್ಲಿ ಅದರ ಹಿಂದೆ ಹೋಗುತ್ತಾರೆ. ಇಲಿಯೊಂದನ್ನು ಕಟ್ಟಿಟ್ಟರೆ ಹತ್ತಿರ ಬರುತ್ತದೆ ಎಂದೂ ಹೇಳುತ್ತಾರೆ. ಪಕ್ಕದ ಹೊಲದವರ ಪ್ರಕಾರ ಇದು ಕೋಳಿಮರಿ ಒಯ್ಯುವ, ಗೌಜುಗಗಳನ್ನು ಮುಗಿಸುವ ಹಕ್ಕಿ, ಓಡಿಸಬೇಕು. ಸಂಜೆ ಇವು ಎಲ್ಲಿ ತಂಗುತ್ತವೆ ಎಂದು ಹುಡುಕಿಕೊಂಡು ಹೋಗುವುದು ತಪ್ಪೇ? ಹಕ್ಕಿಗೆ ತೊಂದರೆಯಾಗದಂತೆ ಬೇಟೆಯನ್ನು ನೋಡುವ ಬಗೆ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಬೆರೆತಿವೆ. ಹಕ್ಕಿಗೆ ಬೇಟೆ ಸಿಗುತ್ತಿಲ್ಲ ಎಂಬುದು ಮೊದಲನೆಯದು. ಸಿಗದಿದ್ದರೆ ನಾವೇನಾದರೂ ಮಾಡಬೇಕು ಎಂಬುದು ಎರಡನೆಯದು. ನೀವು ವಿವರಿಸಿದ ದೃಶ್ಯದಲ್ಲಿ ಮೊದಲನೆಯದಕ್ಕೆ ಆಧಾರವಿಲ್ಲ. ಎರಡನೆಯದರಲ್ಲಿ ನಾವು ಮಾಡಬೇಕಾದದ್ದು ಇದೆ, ಆದರೆ ಅದು ಮಾಂಸದ ತುಂಡಿಗೆ ಸಂಬಂಧಿಸಿದ್ದಲ್ಲ.

ಮೊದಲು ಹಕ್ಕಿ ಯಾವುದೆಂದು ನೋಡೋಣ. ಚಳಿಗಾಲದಲ್ಲಿ ಭಾರತದಲ್ಲಿ ಆರು ಜಾತಿಯ ಹ್ಯಾರಿಯರ್‌ಗಳು ಕಾಣಸಿಗುತ್ತವೆ. ದಖ್ಖನಿನ ಒಣ ಬಯಲುಗಳಲ್ಲಿ ಹೆಚ್ಚಾಗಿ ಕಾಣುವವು ಪ್ಯಾಲಿಡ್ ಹ್ಯಾರಿಯರ್ ಮತ್ತು ಮಾಂಟೇಗು ಹ್ಯಾರಿಯರ್. ಕೆರೆಯಂಚಿನಲ್ಲಿ, ನೀರಾವರಿ ಗದ್ದೆಗಳ ಮೇಲೆ ಇವೆರಡಕ್ಕಿಂತ ದಪ್ಪನೆಯ ಮಾರ್ಷ್ ಹ್ಯಾರಿಯರ್ ಇರುತ್ತದೆ. ನಿಮ್ಮ ಬೂದು ಹಕ್ಕಿ ಗಂಡು. ಅದರ ರೆಕ್ಕೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಕಪ್ಪು ಗೆರೆ ಹಾದುಹೋಗಿದ್ದರೆ ಅದು ಮಾಂಟೇಗು. ಗೆರೆಯಿಲ್ಲದೆ, ಮೈ ಬಹುಮಟ್ಟಿಗೆ ಬೆಳ್ಳಗಿದ್ದು, ರೆಕ್ಕೆಯ ತುದಿಯಲ್ಲಿ ಮಾತ್ರ ಬೆಣೆಯಾಕಾರದ ಕಪ್ಪು ಇದ್ದರೆ ಪ್ಯಾಲಿಡ್. ಕಂದು ಹಕ್ಕಿಗಳು ಹೆಣ್ಣಾಗಿರಬಹುದು ಅಥವಾ ಹೋದ ಬೇಸಿಗೆಯಲ್ಲಷ್ಟೇ ಗೂಡು ಬಿಟ್ಟ ಮರಿಗಳಾಗಿರಬಹುದು. ಮೊದಲ ವರ್ಷದ ಮರಿಗಳ ಹೊಟ್ಟೆ ಗೆರೆಗಳಿಲ್ಲದ ಒಂದೇ ಸಮನಾದ ಕಾವಿ ಬಣ್ಣದ್ದಾಗಿದ್ದರೆ, ಬೆಳೆದ ಹೆಣ್ಣಿನ ಎದೆ ಹೊಟ್ಟೆಗಳ ಮೇಲೆ ಕಂದು ಗೀರುಗಳಿರುತ್ತವೆ. ಈ ವ್ಯತ್ಯಾಸ ನಿಮ್ಮ ಪ್ರಶ್ನೆಗೆ ಮುಖ್ಯ. ಏಕೆಂದರೆ ಬೇಟೆಯ ಕಸುಬು ಈ ಹಕ್ಕಿಗಳಿಗೆ ಹುಟ್ಟಿನಿಂದಲೇ ಪೂರ್ತಿ ಬಂದಿರುವುದಿಲ್ಲ, ಮೊದಲ ಚಳಿಗಾಲವೇ ಅವುಗಳ ಕಲಿಕೆಯ ಕಾಲ.

ಇನ್ನು ಹದಿನಾಲ್ಕು ಎರಗುವಿಕೆಗಳ ವಿಷಯ. ಬೇಟೆಹಕ್ಕಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪೆರಿಗ್ರಿನ್ ಫಾಲ್ಕನ್‌ನಂಥ ಹಕ್ಕಿ: ಎತ್ತರಕ್ಕೇರಿ, ರೆಕ್ಕೆ ಮಡಚಿ, ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಧುಮುಕಿ, ಹಾರುತ್ತಿರುವ ಪಾರಿವಾಳವನ್ನು ಗಾಳಿಯಲ್ಲೇ ಹೊಡೆಯುವಂಥದ್ದು. ಅದು ಕೂಡ ಹೆಚ್ಚಿನ ಸಲ ತಪ್ಪುತ್ತದೆ ಎಂಬುದು ಬೇರೆ ಮಾತು. ಹ್ಯಾರಿಯರ್‌ನ ದಾರಿಯೇ ಬೇರೆ. ಮೈತೂಕಕ್ಕೆ ಹೋಲಿಸಿದರೆ ಅದರ ರೆಕ್ಕೆಗಳು ಬಹಳ ದೊಡ್ಡವು. ಮಾಂಟೇಗು ಹ್ಯಾರಿಯರ್ ಮುನ್ನೂರು ಗ್ರಾಂ ಆಸುಪಾಸಿನ ಹಕ್ಕಿ. ಅಷ್ಟು ಹಗುರ ಮೈಯನ್ನು ಒಂದು ಮೀಟರಿಗೂ ಮಿಕ್ಕ ಹರವಿನ ರೆಕ್ಕೆಗಳು ಹೊರುತ್ತವೆ. ಆದ್ದರಿಂದ ಅದು ಬೀಳದೆ ನಿಧಾನವಾಗಿ ಹಾರಬಲ್ಲದು, ಎದುರುಗಾಳಿಗೆ ಮೈಯೊಡ್ಡಿ ರೆಕ್ಕೆ ಬಡಿಯದೆಯೇ ತೇಲಬಲ್ಲದು. ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಅಗಲವಾದ ‘ವಿ’ ಆಕಾರದಲ್ಲಿ ಹಿಡಿದು, ಹುಲ್ಲಿನ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ, ಬದುಗಳ ಗುಂಟ, ಬೆಳೆ ಮತ್ತು ಬೀಳು ಕೂಡುವ ಅಂಚಿನ ಗುಂಟ ಅದು ಸಾಗುತ್ತದೆ. ಅಷ್ಟು ಕೆಳಗೆ ಹಾರುವುದರ ಒಂದು ಮುಖ್ಯ ಉದ್ದೇಶ ಇದು: ಹುಲ್ಲಿನ ಮರೆಯಲ್ಲಿರುವ ಪ್ರಾಣಿಗೆ ತಾನು ತಲೆಯ ಮೇಲೆ ಬಂದು ನಿಲ್ಲುವ ತನಕ ಕಾಣಿಸಬಾರದು. ಎರಗುವ ಕ್ಷಣವನ್ನು ದುರ್ಬೀನಿನಲ್ಲಿ ನೋಡಿದರೆ, ಬಾಲ ಬೀಸಣಿಗೆಯಂತೆ ಅರಳುವುದು, ಒಂದು ರೆಕ್ಕೆ ಕೆಳಕ್ಕಿಳಿದು ಮೈ ಪಕ್ಕಕ್ಕೆ ತಿರುಗುವುದು, ಬಳಿಕ ಉದ್ದನೆಯ ಹಳದಿ ಕಾಲುಗಳು ಪೂರ್ತಿ ಚಾಚಿಕೊಂಡು ಹುಲ್ಲಿನೊಳಕ್ಕೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಆ ಕಾಲುಗಳ ಉದ್ದವೇ ಅದರ ಮುಖ್ಯ ಉಪಕರಣ. ಹುಲ್ಲಿನ ಬುಡಕ್ಕೆ ಕೈಹಾಕುವ ಕೆಲಸ ಗಿಡ್ಡ ಕಾಲಿನಿಂದ ಆಗುವುದಿಲ್ಲ.

ಇಂಥ ಒಂದು ಎರಗುವಿಕೆಗೆ ಹಕ್ಕಿ ಖರ್ಚು ಮಾಡುವ ಶಕ್ತಿ ಬಹಳ ಕಡಿಮೆ. ಹೇಗೂ ಎರಡು ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಇಳಿದು, ತಪ್ಪಿದರೆ ಮತ್ತೆ ಗಾಳಿಗೆ ರೆಕ್ಕೆ ಕೊಟ್ಟು ಏಳುತ್ತದೆ. ಆದ್ದರಿಂದ ಅದು ಸಣ್ಣ ಅನುಮಾನಕ್ಕೂ ಎರಗುತ್ತದೆ: ಹುಲ್ಲು ಅಲುಗಿದರೂ ಸರಿ, ಒಣಗಿದೆಲೆ ಸರಕ್ಕೆಂದರೂ ಸರಿ. ಹೆಚ್ಚಿನ ಎರಗುವಿಕೆಗಳು ವ್ಯರ್ಥವಾಗುವುದು ಈ ಪದ್ಧತಿಯಲ್ಲೇ ಅಡಗಿದೆ. ಐದರಲ್ಲಿ ನಾಲ್ಕು ತಪ್ಪಿದರೂ ಅದನ್ನು ನಾನು ಅಸಹಜವೆನ್ನಲಾರೆ; ಮೊದಲ ವರ್ಷದ ಮರಿಯಾದರೆ ಇನ್ನೂ ಹೆಚ್ಚು ತಪ್ಪಬಹುದು. ಸಲೀಸಾಗಿ ಸಿಗುವುದಕ್ಕೆ ಮಾತ್ರ ಎರಗುತ್ತೇನೆ ಎಂದು ಕಾಯುವ ಹ್ಯಾರಿಯರ್ ಇದ್ದರೆ ಅದೇ ಮೊದಲು ಹಸಿವಿನಿಂದ ಸಾಯುತ್ತದೆ.

ನಿಮ್ಮ ಎಣಿಕೆಯಲ್ಲಿ ಇನ್ನೊಂದು ತೊಡಕಿದೆ. ಕಾಲಲ್ಲಿ ಏನೂ ಕಾಣಲಿಲ್ಲ ಎಂದರೆ ಏನೂ ಸಿಗಲಿಲ್ಲ ಎಂದಲ್ಲ. ನಮ್ಮ ಬಯಲುಗಳಲ್ಲಿ ಚಳಿಗಾಲ ಕಳೆಯುವ ಹ್ಯಾರಿಯರ್‌ಗಳ, ಅದರಲ್ಲೂ ಮಾಂಟೇಗು ಹ್ಯಾರಿಯರ್‌ಗಳ ಆಹಾರದಲ್ಲಿ ಮಿಡತೆಗೆ ದೊಡ್ಡ ಪಾಲಿದೆ. ಗುಜರಾತಿನ ವೇಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನದಲ್ಲಿ ಹ್ಯಾರಿಯರ್‌ಗಳು ರಾತ್ರಿ ತಂಗುವ ಜಾಗದಿಂದ, ಜೀರ್ಣವಾಗದ ಚೂರುಗಳನ್ನು ಒಟ್ಟುಮಾಡಿ ಅವು ಉಗುಳಿದ ಉಂಡೆಗಳನ್ನು ಸಂಗ್ರಹಿಸಿ ಬಿಡಿಸಿದಾಗ ಕಂಡದ್ದು ಬಹುಪಾಲು ಮಿಡತೆಗಳ ಕಾಲು, ದವಡೆ, ರೆಕ್ಕೆಯ ಚೂರುಗಳೇ. ಮಿಡತೆಯನ್ನು ಹೊತ್ತು ಹಾರುವ ಅಗತ್ಯವಿಲ್ಲ. ಹಿಡಿದಲ್ಲೇ, ಹುಲ್ಲಿನ ಮರೆಯಲ್ಲೇ, ಕೆಲವೇ ಕ್ಷಣಗಳಲ್ಲಿ ಅದು ಹೊಟ್ಟೆಗೆ ಸೇರಿರುತ್ತದೆ. ಮುಂದಿನ ಸಲ ಎರಗುವಿಕೆಗಳನ್ನು ಎಣಿಸುವುದರ ಜೊತೆಗೆ ಹಕ್ಕಿ ನೆಲದಲ್ಲಿ ಉಳಿದ ಹೊತ್ತನ್ನೂ ಗಮನಿಸಿ. ಇಳಿದ ಒಡನೆಯೇ ಎದ್ದರೆ ಗುರಿ ತಪ್ಪಿದೆ. ಹತ್ತಿಪ್ಪತ್ತು ಸೆಕೆಂಡು ಉಳಿದು ಎದ್ದರೆ ಸಣ್ಣದೇನೋ ಸಿಕ್ಕಿರುವ ಸಾಧ್ಯತೆ ಹೆಚ್ಚು. ಹಲವು ನಿಮಿಷ ಏಳದಿದ್ದರೆ ಇಲಿಯನ್ನೋ ನೆಲಗುಬ್ಬಿಯನ್ನೋ ಓತಿಕ್ಯಾತವನ್ನೋ ಹಿಡಿದು ಕಿತ್ತು ತಿನ್ನುತ್ತಿರಬಹುದು. ಎದ್ದ ಮೇಲೆ ಅದರ ಗಂಟಲ ಬುಡವನ್ನು ನೋಡಿ. ಆಹಾರವನ್ನು ತತ್ಕಾಲಕ್ಕೆ ಕೂಡಿಡುವ ಚೀಲ ಅಲ್ಲಿದೆ, ತುಂಬಿದ್ದರೆ ಆ ಭಾಗ ಉಬ್ಬಿಕೊಂಡು ಪಕ್ಕದಿಂದ ಚೆನ್ನಾಗಿ ಕಾಣುತ್ತದೆ. ಹದಿನಾಲ್ಕನೆಯ ಸಲ ಇಳಿದು ಬಹಳ ಹೊತ್ತು ಏಳಲಿಲ್ಲ ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ತೋಚಿದ್ದು ಸೋಲಲ್ಲ, ಊಟ.

ನೆಲದ ಮೇಲೆ ಕುಳಿತ ಬೇಟೆಹಕ್ಕಿಗೆ ಪೆಟ್ಟಾಗಿದೆ ಎಂದು ಭಾವಿಸಿ ಹಿಡಿಯಲು ಹೋಗುವವರು ಬಹಳ. ಹದ್ದು, ಶಿಕ್ರಾ ಮೊದಲಾದವು ಮರದ ಮೇಲೆ ಕೂರುವುದನ್ನು ಕಂಡು ರೂಢಿಯಾದ ಕಣ್ಣಿಗೆ ಇದು ಸಹಜ. ಆದರೆ ಹ್ಯಾರಿಯರ್ ನೆಲದ ಹಕ್ಕಿ. ಬದುವಿನ ಮೇಲೆ, ಹೆಂಟೆಯ ಮೇಲೆ, ಬಯಲಿನ ಕಲ್ಲಿನ ಮೇಲೆ ಕುಳಿತು ಗಂಟೆಗಟ್ಟಲೆ ಗರಿ ತೀಡಿಕೊಳ್ಳುತ್ತದೆ. ರಾತ್ರಿ ಮಲಗುವುದೂ, ತನ್ನ ನಾಡಿನಲ್ಲಿ ಗೂಡು ಕಟ್ಟುವುದೂ ನೆಲದಲ್ಲೇ. ನಿಜವಾಗಿ ಪೆಟ್ಟಾದ ಹಕ್ಕಿಯ ಲಕ್ಷಣಗಳೇ ಬೇರೆ: ಒಂದು ರೆಕ್ಕೆ ಜೋತುಬಿದ್ದಿರುತ್ತದೆ, ಕಣ್ಣು ಅರೆಮುಚ್ಚಿರುತ್ತದೆ, ನಾಯಿಯೋ ಮನುಷ್ಯನೋ ತೀರ ಸಮೀಪ ಬಂದರೂ ಹಾರದೆ ಓಡಲು ಯತ್ನಿಸುತ್ತದೆ. ಅಂಥದ್ದು ಕಂಡರೆ ಮಾತ್ರ ಮುಟ್ಟಿ. ದಪ್ಪ ಬಟ್ಟೆಯನ್ನು ಮೇಲಿನಿಂದ ಹೊದಿಸಿ, ಉಗುರುಗಳ ಬಗ್ಗೆ ಎಚ್ಚರವಿಟ್ಟು, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇರಿಸಿ, ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಗೆ ನೀರು ಹೊಯ್ಯಬೇಡಿ. ಅದು ಶ್ವಾಸನಾಳಕ್ಕೆ ಹೋದರೆ ಪೆಟ್ಟಿಗಿಂತ ಮೊದಲು ನೀರೇ ಹಕ್ಕಿಯನ್ನು ಕೊಲ್ಲುತ್ತದೆ.

ಈಗ ಕಿವಿಯ ವಿಷಯ ಹೇಳಬೇಕು, ಏಕೆಂದರೆ ಬೈಕಿನ ಪ್ರಶ್ನೆಗೆ ಉತ್ತರ ಅಲ್ಲಿದೆ. ಹ್ಯಾರಿಯರ್‌ನ ಮುಖವನ್ನು ಎದುರಿನಿಂದ ನೋಡಿದ್ದೀರಾ? ಗೂಬೆಯ ಮುಖದಷ್ಟಲ್ಲದಿದ್ದರೂ ಅದೇ ಬಗೆಯ ದುಂಡನೆಯ ತಟ್ಟೆ, ಅದರ ಸುತ್ತ ಗಿಡ್ಡನೆಯ ಗಟ್ಟಿ ಗರಿಗಳ ಅಂಚು ಅಲ್ಲಿ ಕಾಣುತ್ತದೆ. ಈ ಗರಿಗಳು ಶಬ್ದವನ್ನು ಕಿವಿಯ ಕಡೆಗೆ ತಿರುಗಿಸುತ್ತವೆ. ಅಮೆರಿಕದ ಹ್ಯಾರಿಯರ್ ಮೇಲೆ ವಿಲಿಯಂ ರೈಸ್ ಎಂಬ ವಿಜ್ಞಾನಿ ನಡೆಸಿ 1982ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುಲ್ಲಿನಲ್ಲಿ ಬಚ್ಚಿಟ್ಟ ಸ್ಪೀಕರುಗಳಿಂದ ಇಲಿಜಾತಿಯ ಪ್ರಾಣಿಯ ಸಣ್ಣ ಕೂಗನ್ನು ಕೇಳಿಸಿದಾಗ, ಕಣ್ಣಿಗೆ ಏನೂ ಕಾಣದಿದ್ದರೂ ಬಯಲಿನಲ್ಲಿ ಸ್ವತಂತ್ರವಾಗಿ ಹಾರಾಡುತ್ತಿದ್ದ ಹ್ಯಾರಿಯರ್‌ಗಳು ಆ ಜಾಗಕ್ಕೇ ಎರಗಿದವು. ಹಗಲಿನ ಬೇಟೆಹಕ್ಕಿಗಳಲ್ಲಿ ಕಿವಿಯನ್ನು ಇಷ್ಟರಮಟ್ಟಿಗೆ ನಂಬುವವು ವಿರಳ. ಹಕ್ಕಿ ತಲೆ ಬಗ್ಗಿಸಿ ಹಾರುವಾಗ ಅದು ನೋಡುತ್ತಿರುವಷ್ಟೇ ಕೇಳುತ್ತಲೂ ಇರುತ್ತದೆ. ಅದರ ಹಿಂದೆ ಬೈಕು ಓಡಿಸಿದರೆ ಹಕ್ಕಿ ಬೆದರುತ್ತದೆ ಎಂಬುದಷ್ಟೇ ಅಲ್ಲ. ಬೆದರದೆ ಬೇಟೆ ಮುಂದುವರಿಸಿದಂತೆ ಕಂಡರೂ, ಹುಲ್ಲಿನ ಬುಡದ ಸರಸರ ಸದ್ದು ಇಂಜಿನ್ನಿನ ಸದ್ದಿನಲ್ಲಿ ಮುಳುಗಿ ಅದರ ಒಂದು ಇಂದ್ರಿಯವೇ ಕೆಲಸಕ್ಕೆ ಬಾರದಂತಾಗುತ್ತದೆ. ಆ ಹುಡುಗರಿಗೆ ಹಕ್ಕಿ ಹತ್ತಿರದಲ್ಲೇ ಹಾರುತ್ತಿರುವುದು ಕಾಣುತ್ತದೆ. ಅದಕ್ಕೆ ಏನೂ ಕೇಳಿಸುತ್ತಿಲ್ಲ ಎಂಬುದು ಕಾಣುವುದಿಲ್ಲ. ಡ್ರೋನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ತಂದರೆ ಅದಕ್ಕೂ ಇದೇ ಉತ್ತರ.

ಮಾಂಸದ ತುಂಡು ಇಡುವುದು ಕರುಣೆಯಿಂದ ಹುಟ್ಟಿದ ಯೋಚನೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಅದರಿಂದ ಆಗುವುದೇನೆಂದು ಬಯಲಿನಲ್ಲಿ ನೋಡಬಹುದು. ತುಂಡನ್ನು ಮೊದಲು ಕಾಣುವುದು ಕಾಗೆ, ನಂತರ ಕರಿ ಹದ್ದು, ನಂತರ ನಾಯಿ. ಚಲಿಸುವ ಬೇಟೆಯನ್ನು ಹುಡುಕುತ್ತ ಸಾಗುವ ಹ್ಯಾರಿಯರ್ ಬಹುಶಃ ಅದರ ಮೇಲೆಯೇ ಹಾದುಹೋಗುತ್ತದೆ. ಉಳಿಯುವುದು ಕಾಗೆ, ಹದ್ದು, ನಾಯಿಗಳ ಗುಂಪು. ಹ್ಯಾರಿಯರ್ ಹಿಡಿದ ಇಲಿಯನ್ನು ಬೆನ್ನಟ್ಟಿ ಕಸಿಯುವವೂ, ರಾತ್ರಿ ನೆಲದಲ್ಲಿ ಮಲಗಿದ ಹಕ್ಕಿಯನ್ನು ಎಬ್ಬಿಸುವವೂ ಇವೇ. ನೀವು ನೆರವಾಗಬೇಕೆಂದಿದ್ದ ಹಕ್ಕಿಯ ಬಯಲಿಗೆ ಅದರ ಪ್ರತಿಸ್ಪರ್ಧಿಗಳನ್ನು ಕರೆತಂದಂತಾಗುತ್ತದೆ.

ಕಟ್ಟಿದ ಇಲಿಯ ವಿಷಯದಲ್ಲಿ ನನ್ನ ಮಾತು ಕಟುವಾಗಿಯೇ ಇರುತ್ತದೆ. ಅದು ಇಲಿಗೆ ಹಿಂಸೆ ಎಂಬುದು ಒಂದು ಕಡೆಗಿರಲಿ. ದಾರ ಕಟ್ಟಿದ ಬೇಟೆಯನ್ನು ಹಿಡಿದು ಏಳಲು ಯತ್ನಿಸುವ ಹಕ್ಕಿಯ ಕಾಲಿಗೆ ದಾರ ಸುತ್ತಿಕೊಂಡರೆ ಆ ಕಾಲು ಹೋದಂತೆಯೇ, ಕಾಲು ಹೋದರೆ ಈ ಹಕ್ಕಿ ಉಳಿಯುವುದಿಲ್ಲ. ಎಲ್ಲಿಂದಲೋ ಹಿಡಿದು ತಂದ ಇಲಿ ಈಗಾಗಲೇ ಪಾಷಾಣ ತಿಂದದ್ದಾಗಿರಬಹುದು. ಬ್ರೋಮಾಡಿಯೊಲೋನ್‌ನಂಥ ಇಲಿ ಪಾಷಾಣಗಳು ಇಲಿಯನ್ನು ತಕ್ಷಣ ಕೊಲ್ಲದೆ ಕೆಲವು ದಿನ ಮಂಕಾಗಿ ಓಡಾಡಲು ಬಿಡುತ್ತವೆ, ಮತ್ತು ಆ ಮೈಯೊಳಗಿನ ವಿಷ ತಿಂದವರಿಗೂ ತಗಲುತ್ತದೆ. ಇದಲ್ಲದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಕಾಡುಪ್ರಾಣಿಗೆ ಆಮಿಷ ಒಡ್ಡುವುದೂ, ಅದನ್ನು ಅಟ್ಟಿ ಓಡಿಸುವುದೂ, ಅಂಥ ಪ್ರಯತ್ನವೂ ಸೇರಿವೆ. ಕ್ಯಾಮೆರಾ ಹಿಡಿದ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಬೈಯುವುದಕ್ಕಿಂತ ಇದನ್ನು ತಿಳಿಸುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅನುಭವ.

ಪಕ್ಕದ ಹೊಲದವರ ದೂರಿಗೆ ಬರೋಣ. ಕೋಳಿಮರಿ ಹೋಗುವುದು ನಿಜವಾದ ನಷ್ಟ, ಅದನ್ನು ತಳ್ಳಿಹಾಕಬಾರದು. ಆದರೆ ಮನೆಯ ಸುತ್ತಮುತ್ತ ಮರಿಗಳನ್ನು ಒಯ್ಯುವವು ಸಾಮಾನ್ಯವಾಗಿ ಶಿಕ್ರಾ, ಕರಿ ಹದ್ದು, ಕಾಗೆ, ಮುಂಗುಸಿ. ಪ್ಯಾಲಿಡ್ ಮತ್ತು ಮಾಂಟೇಗು ಹ್ಯಾರಿಯರ್‌ಗಳು ಮನೆ, ಮರ, ಜನ ಇರುವಲ್ಲಿಗೆ ಬರದೆ ಬಯಲನ್ನೇ ನೆಚ್ಚಿಕೊಂಡಿರುತ್ತವೆ. ಬಯಲಿನಲ್ಲಿ ಮೇಯಲು ಬಿಟ್ಟ ತೀರ ಎಳೆಯ ಮರಿಯೊಂದು ಕಣ್ಣಿಗೆ ಬಿದ್ದರೆ ಹಿಡಿಯುವುದೇ ಇಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ಅದು ಅಪರೂಪ ಎಂದು ಮಾತ್ರ ಹೇಳಬಲ್ಲೆ. ಗೌಜುಗದ ವಿಷಯದಲ್ಲಿ ಲೆಕ್ಕ ಇನ್ನೂ ಸುಲಭ. ಬೆಳೆದ ಗೌಜುಗದ ತೂಕ ಹೆಚ್ಚುಕಡಿಮೆ ಮಾಂಟೇಗು ಹ್ಯಾರಿಯರ್‌ನ ತೂಕದಷ್ಟೇ. ತನ್ನಷ್ಟೇ ಭಾರದ, ಬಲವಾದ ಕಾಲಿನ ಹಕ್ಕಿಯನ್ನು ಅದು ಹಿಡಿಯುವುದು ಕಷ್ಟ. ನೆಲಗುಬ್ಬಿ, ಬುರ್ಲಿಯಂಥ ಬಯಲ ಹಕ್ಕಿಗಳನ್ನು, ವಿಶೇಷವಾಗಿ ಪ್ಯಾಲಿಡ್ ಹ್ಯಾರಿಯರ್, ಹಿಡಿಯುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಮರಿ ಮಾಡುವ ಮಳೆಗಾಲದಲ್ಲಿ ಹ್ಯಾರಿಯರ್ ಇಲ್ಲಿರುವುದೇ ಇಲ್ಲ. ಅದು ಸೆಪ್ಟೆಂಬರ್ ಅಕ್ಟೋಬರಿನ ಹೊತ್ತಿಗೆ ಬಂದು ಮಾರ್ಚ್ ಏಪ್ರಿಲಿನಲ್ಲಿ ಹೊರಟುಹೋಗುತ್ತದೆ. ಸಾವಿರಾರು ವರ್ಷಗಳಿಂದ ಎರಡೂ ಒಂದೇ ಬಯಲಿನಲ್ಲಿ ಬಾಳಿವೆ. ಗೌಜುಗ ಕಡಿಮೆಯಾಗಿದ್ದರೆ ಉರುಳು, ಬಲೆ ಮತ್ತು ಉಳುಮೆಗೆ ಹೋದ ಬೀಳುಗಳ ಕಡೆ ನೋಡಬೇಕು. ಹ್ಯಾರಿಯರ್ ರೈತನ ಇಲಿಕಾಟವನ್ನು ನೀಗಿಸುತ್ತದೆ ಎಂಬ ಮಾತನ್ನೂ ನಾನು ಹೇಳಲು ಹೋಗುವುದಿಲ್ಲ. ಅದು ಇಲಿ ತಿನ್ನುತ್ತದೆ, ಮಿಡತೆ ತಿನ್ನುತ್ತದೆ, ಆದರೆ ಮೂರು ಹಕ್ಕಿಗಳಿಂದ ಹೊಲದ ಕೀಟ ಮುಗಿಯುತ್ತದೆ ಎಂದು ಹೇಳಿ ಪಕ್ಷಿಗೆ ಬೆಂಬಲ ಗಳಿಸಿದರೆ, ಮುಂದಿನ ವರ್ಷ ಇಲಿ ಹೆಚ್ಚಾದಾಗ ಆ ಬೆಂಬಲ ಹೋಗುತ್ತದೆ.

ಹಾಗಾದರೆ ಚಿಂತೆಗೆ ಕಾರಣವೇ ಇಲ್ಲವೇ? ಇದೆ, ಆದರೆ ಅದು ತಪ್ಪಿದ ಎರಗುವಿಕೆಯಲ್ಲಿಲ್ಲ. ಈ ಹಕ್ಕಿಗಳು ಕಜಾಕಸ್ತಾನ ಮತ್ತು ರಷ್ಯಾದ ಹುಲ್ಲುಬಯಲುಗಳಲ್ಲಿ ಮರಿ ಮಾಡುತ್ತವೆ. ಅಲ್ಲಿ ಹಿಮ ಬಿದ್ದು ನೆಲ ಮುಚ್ಚಿದಾಗ ಇಲಿಯೂ ಇಲ್ಲ, ಮಿಡತೆಯೂ ಇಲ್ಲ. ಅಲ್ಲಿಂದ ಇಲ್ಲಿಯವರೆಗೆ ಹಾರಿ ಬರುವುದು ಈ ಆರು ತಿಂಗಳ ಆಹಾರಕ್ಕಾಗಿ. ಒಂದು ಮಿಡತೆಯ ತೂಕ ಒಂದೆರಡು ಗ್ರಾಂ. ಅದನ್ನೇ ನೆಚ್ಚಿದ ಹಕ್ಕಿಗೆ ದಿನಕ್ಕೆ ಹತ್ತಾರು ಮಿಡತೆ ಬೇಕು. ಹತ್ತಾರು ಸಿಗಬೇಕಾದರೆ ಅದರ ಎಷ್ಟೋ ಪಟ್ಟು ಸಲ ಎರಗಬೇಕು. ಎರಗಬೇಕಾದರೆ ಹುಲ್ಲು ಇರಬೇಕು, ಹುಲ್ಲಿನಲ್ಲಿ ಮಿಡತೆ ಇರಬೇಕು. ಈ ಸರಪಳಿಯ ಕೊನೆಯ ಎರಡು ಕೊಂಡಿಗಳು ಸಡಿಲವಾಗುತ್ತಿವೆ. ಭಾರತದಲ್ಲಿ ಹ್ಯಾರಿಯರ್‌ಗಳು ರಾತ್ರಿ ಒಟ್ಟಾಗಿ ತಂಗುವ ತಾಣಗಳಲ್ಲಿ 30 ವರ್ಷಗಳ ಅವಧಿಯಲ್ಲಿ ನಡೆದ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಂಖ್ಯೆ ಇಳಿಮುಖವಾಗಿರುವುದನ್ನು ಸೂಚಿಸಿದೆ. ಪ್ಯಾಲಿಡ್ ಹ್ಯಾರಿಯರ್, ಅಳಿವಿನ ಭೀತಿಯಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅಪಾಯದಂಚಿಗೆ ಸಮೀಪವಿರುವ ಜಾತಿಗಳ ಸಾಲಿನಲ್ಲಿದೆ. ಹುಲ್ಲುಗಾವಲನ್ನು ನಮ್ಮ ದಾಖಲೆಗಳು ಬಹುಕಾಲ ‘ಪಾಳು ಭೂಮಿ’ ಎಂದೇ ಕರೆದವು. ಪಾಳು ಎಂದ ಮೇಲೆ ಅದನ್ನು ಉಳುವುದೂ, ಅಲ್ಲಿ ನೀಲಗಿರಿ ನೆಡುವುದೂ ಅಭಿವೃದ್ಧಿಯೇ ಆಯಿತು. ಗಿಡ ನೆಟ್ಟ ಜಾಗದಲ್ಲಿ ಹ್ಯಾರಿಯರ್ ಬೇಟೆಯಾಡಲಾರದು.

ಕೀಟನಾಶಕದ್ದು ಇನ್ನೊಂದು ಕತೆ. 1995–96ರ ಬೇಸಿಗೆಯಲ್ಲಿ ಅರ್ಜೆಂಟೀನಾದ ಬಯಲುಗಳಲ್ಲಿ, ಉತ್ತರ ಅಮೆರಿಕದಿಂದ ವಲಸೆ ಬಂದು ಮಿಡತೆ ತಿಂದೇ ಕಾಲ ಕಳೆಯುವ ಸ್ವೇನ್ಸನ್ಸ್ ಹಾಕ್ ಎಂಬ ಬೇಟೆಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತುಬಿದ್ದವು. ಮಿಡತೆ ಕೊಲ್ಲಲು ಹೊಲಗಳಿಗೆ ಸಿಂಪಡಿಸಿದ ಮೊನೊಕ್ರೊಟೊಫಾಸ್ ಅದಕ್ಕೆ ಕಾರಣವಾಗಿತ್ತು. ಆ ಹೆಸರು ನಮ್ಮ ರೈತರಿಗೆ ಹೊಸದಲ್ಲ. ದೂರದ ನಾಡಿನಿಂದ ಬಂದು ಮಿಡತೆಯನ್ನು ನಂಬಿ ಬದುಕುವ ಹಕ್ಕಿ ಎಂಬ ಮಟ್ಟಿಗೆ ನಿಮ್ಮ ಹ್ಯಾರಿಯರ್‌ಗಳ ಪಾಡೂ ಅದೇ. ಕಡಲೆಗೆ ಔಷಧಿ ಹೊಡೆಯಲೇಬೇಕಾದರೆ ಹೊಡೆಯಿರಿ, ಆದರೆ ಬೀಳಿನ ಅಂಚಿಗೆ, ಬದುವಿನ ಹುಲ್ಲಿಗೆ ಹಾಯಿಸಬೇಡಿ. ಬದುವನ್ನು ಸುಡುವುದನ್ನು ಮಾರ್ಚ್ ಕಳೆಯುವ ತನಕ ಮುಂದೂಡಿ, ಬಿಟ್ಟೇಬಿಟ್ಟರೆ ಇನ್ನೂ ಒಳ್ಳೆಯದು. ಇಲಿ ಪಾಷಾಣ ಇಟ್ಟಿದ್ದರೆ ಸತ್ತ ಇಲಿಗಳನ್ನು ಹುಡುಕಿ ಹೂಳಿಸಿ. ಮಾಂಸದ ತುಂಡು ಇಡುವ ಬದಲು ಮಾಡಬಹುದಾದ ಸಹಾಯ ಇದು.

ಇನ್ನು ನೋಡುವ ಬಗೆ. ಹ್ಯಾರಿಯರ್ ಹಿಂದೆ ಹೋಗಬೇಕಾಗಿಲ್ಲ, ಅದು ತಾನೇ ಬರುತ್ತದೆ. ಕೆಲವು ದಿನ ಒಂದೇ ಹೊತ್ತಿನಲ್ಲಿ ದೂರದಿಂದ ಗಮನಿಸಿದರೆ, ಹಕ್ಕಿ ದಿನವೂ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ, ಅದೇ ಬದು, ಅದೇ ಅಂಚು ಹಿಡಿದು ಸಾಗುವುದು ತಿಳಿಯುತ್ತದೆ. ಆ ಜಾಡಿನಿಂದ ನೂರೈವತ್ತು ಮೀಟರಿನಷ್ಟು ಆಚೆ, ಬೆನ್ನಿಗೆ ಸೂರ್ಯ ಇರುವಂತೆ, ಜಾಲಿ ಪೊದೆಯನ್ನೋ ಕಲ್ಲಿನ ರಾಶಿಯನ್ನೋ ಒರಗಿಕೊಂಡು ಕುಳಿತುಬಿಡಿ. ನಿಂತ ಮನುಷ್ಯನ ಆಕಾರವನ್ನು ಅದು ಬಹಳ ದೂರದಿಂದ ಗುರುತಿಸುತ್ತದೆ, ಕುಳಿತು ಅಲುಗದವನನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ದಾರಿಯ ಪಕ್ಕದಲ್ಲೇ ನಿಲ್ಲಿಸಿ ಇಂಜಿನ್ ಆರಿಸಿದ ಕಾರು ಇನ್ನೂ ಒಳ್ಳೆಯ ಮರೆ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಸಾಮಾನ್ಯ ದುರ್ಬೀನು ಸಾಕು. ಬೆಳಕು ಹರಿಯುವ ಮೊದಲೇ ಓಡಿಹೋಗುವ ಅಗತ್ಯವಿಲ್ಲ. ಚಳಿಯ ಬೆಳಗಿನಲ್ಲಿ ಮಿಡತೆ, ಓತಿಕ್ಯಾತಗಳ ಮೈ ಮರಗಟ್ಟಿ ಅವು ಹುಲ್ಲಿನ ಬುಡದಲ್ಲೇ ಇರುತ್ತವೆ, ಬಿಸಿಲೇರಿ ಇಬ್ಬನಿ ಆರಿದ ಮೇಲೆ ಅಲುಗಾಟ ಶುರುವಾದಂತೆ ಎರಗುವಿಕೆಯೂ ಹೆಚ್ಚುತ್ತದೆ. ತುಸು ಗಾಳಿಯಿರುವ ದಿನ ಬೇಟೆ ನೋಡಲು ಚೆನ್ನ, ಹಕ್ಕಿ ಗಾಳಿಗೆದುರಾಗಿ ಎಷ್ಟು ನಿಧಾನವಾಗಿ ಸಾಗುತ್ತದೆಂದರೆ ಅದರ ತಲೆ ಎಡಕ್ಕೂ ಬಲಕ್ಕೂ ತಿರುಗುವುದನ್ನೂ ನೋಡಬಹುದು. ನಿಮ್ಮ ಇರುವಿಕೆ ಅದಕ್ಕೆ ಕಿರುಕುಳವಾಗಿದೆಯೇ ಎಂಬುದಕ್ಕೆ ಕುರುಹುಗಳಿವೆ: ಬಗ್ಗಿಸಿದ್ದ ತಲೆಯನ್ನೆತ್ತಿ ನಿಮ್ಮ ಕಡೆ ನೋಡುವುದು, ಜಾಡು ಬಿಟ್ಟು ಅಗಲವಾಗಿ ಸುತ್ತಿ ಹೋಗುವುದು, ಇದ್ದಕ್ಕಿದ್ದಂತೆ ಎತ್ತರಕ್ಕೇರುವುದು. ಇವು ಕಂಡರೆ ಮರುದಿನ ಇನ್ನೂ ಹಿಂದಕ್ಕೆ ಕುಳಿತುಕೊಳ್ಳಿ. ಬಯಲಿನೊಳಗೆ ನಡೆದು ಹುಲ್ಲಿನ ಹಕ್ಕಿಗಳನ್ನು ಎಬ್ಬಿಸಿದರೆ ಹ್ಯಾರಿಯರ್‌ಗೆ ಬೇಟೆ ಸುಲಭವಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದರ ಬಲವೆಲ್ಲ ಬೇಟೆ ತನ್ನನ್ನು ಕಾಣದಿರುವುದರಲ್ಲಿದೆ. ಎಚ್ಚೆತ್ತು ಹಾರಿದ ನೆಲಗುಬ್ಬಿಯನ್ನು ಬೆನ್ನಟ್ಟಿ ಹಿಡಿಯುವುದು ಅದಕ್ಕೆ ಸುಲಭವಲ್ಲ.

ಸಂಜೆಯ ತಂಗುದಾಣದ ವಿಷಯದಲ್ಲಿ ಮಾತ್ರ ನಾನು ನಿಮ್ಮನ್ನು ತಡೆಯುತ್ತೇನೆ. ಹಗಲು ಒಂಟಿಯಾಗಿ ಬೇಟೆಯಾಡುವ ಹ್ಯಾರಿಯರ್‌ಗಳು ಸೂರ್ಯಾಸ್ತದ ಹೊತ್ತಿಗೆ ಎತ್ತರದ ಹುಲ್ಲಿರುವ ಒಂದೇ ಜಾಗದಲ್ಲಿ ಸೇರಿ, ನೆಲದ ಮೇಲೆ ಹುಲ್ಲನ್ನು ತುಳಿದು ಮಾಡಿಕೊಂಡ ಪುಟ್ಟ ತಾವುಗಳಲ್ಲಿ ರಾತ್ರಿ ಕಳೆಯುತ್ತವೆ. ವೇಳಾವದರ್‌ನಲ್ಲಿ ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು ಹಕ್ಕಿಗಳು ಹೀಗೆ ಸೇರುತ್ತಿದ್ದವು. ಆಂಧ್ರದ ರೊಳ್ಳಪಾಡು ಮತ್ತು ಬೆಂಗಳೂರಿನ ಅಂಚಿನ ಹೆಸರಘಟ್ಟದ ಹುಲ್ಲುಗಾವಲುಗಳೂ ಪಕ್ಷಿ ವೀಕ್ಷಕರಿಗೆ ಈ ಕಾರಣಕ್ಕೆ ಪರಿಚಿತ. ಕತ್ತಲಾಗುವ ಹೊತ್ತಿನಲ್ಲಿ ಎಬ್ಬಿಸಿದ ಹಕ್ಕಿಗೆ ಬೇರೆ ಸುರಕ್ಷಿತ ಜಾಗ ಹುಡುಕಲು ಬೆಳಕಿರುವುದಿಲ್ಲ, ನೆಲದಲ್ಲಿ ನಾಯಿ, ನರಿ, ಕಾಡುಬೆಕ್ಕುಗಳ ಓಡಾಟ ಆಗಲೇ ಶುರುವಾಗಿರುತ್ತದೆ. ಹಗಲಿನ ಹತ್ತು ಅಡಚಣೆಗಿಂತ ಸಂಜೆಯ ಒಂದು ಅಡಚಣೆ ಕೆಟ್ಟದ್ದು. ಆದ್ದರಿಂದ ಹುಲ್ಲಿನೊಳಗೆ ಕಾಲಿಡದೆ, ಅವು ಯಾವ ದಿಕ್ಕಿಗೆ ಹೋಗುತ್ತವೆ ಎಂಬುದನ್ನು ದೂರದ ದಿಣ್ಣೆಯಿಂದ ನೋಡಿ ತಿಳಿದುಕೊಳ್ಳಿ. ಎಣಿಸುವ ಆಸೆಯಿದ್ದರೆ ಹಕ್ಕಿಗಳು ಬರುವುದಕ್ಕೆ ಬಹಳ ಮೊದಲೇ ಹೋಗಿ, ಕನಿಷ್ಠ ಮುನ್ನೂರು ಮೀಟರ್ ಆಚೆ ಕುಳಿತು, ಪೂರ್ತಿ ಕತ್ತಲಾದ ಮೇಲೆ ಟಾರ್ಚನ್ನು ಅತ್ತ ತಿರುಗಿಸದೆ ಎದ್ದು ಬನ್ನಿ. ಸಿಕ್ಕ ತಾಣದ ಜಾಗವನ್ನು ಫೋಟೊದೊಡನೆ ಹಂಚಿಕೊಳ್ಳಬೇಡಿ. ಅರಣ್ಯ ಇಲಾಖೆಗೂ ಹ್ಯಾರಿಯರ್ ಅಧ್ಯಯನ ಮಾಡುವವರಿಗೂ ತಿಳಿಸಿದರೆ ಸಾಕು.

ನೀವು ಬರೆದಿಟ್ಟ ಎಣಿಕೆಯನ್ನು ಮುಂದುವರಿಸಿ ಎಂದು ಕೇಳಿಕೊಳ್ಳುತ್ತೇನೆ, ತುಸು ಬದಲಾವಣೆಯೊಂದಿಗೆ. ದಿನಾಂಕ, ಹೊತ್ತು, ಗಾಳಿ, ಹಕ್ಕಿ ಗಂಡೋ ಕಂದು ಬಣ್ಣದ್ದೋ, ಎಷ್ಟು ಸಲ ಎರಗಿತು, ಪ್ರತಿ ಸಲ ಎಷ್ಟು ಹೊತ್ತು ನೆಲದಲ್ಲಿತ್ತು, ಎರಗಿದ್ದು ಬೀಳಿನಲ್ಲೋ ಕಡಲೆಯಲ್ಲೋ ಜೋಳದ ಕೂಳೆಯಲ್ಲೋ ಎಂಬುದನ್ನು ಬರೆಯಿರಿ. ಫೆಬ್ರವರಿಯಲ್ಲಿ ಹುಲ್ಲು ಪೂರ್ತಿ ಒಣಗಿ ಮಿಡತೆ ಕಡಿಮೆಯಾದಾಗ ಹಕ್ಕಿ ಹೆಚ್ಚು ದೂರ ಅಲೆಯುತ್ತದೆಯೇ, ಮಿಡತೆ ಬಿಟ್ಟು ನೆಲಗುಬ್ಬಿಗಳ ಹಿಂದೆ ಬೀಳುತ್ತದೆಯೇ ಎಂಬುದು ಒಂದೇ ಬಯಲನ್ನು ದಿನವೂ ನೋಡುವ ನಿಮ್ಮಂಥವರಿಗೆ ಮಾತ್ರ ಕಾಣುವ ಸಂಗತಿ. ಆ ಬೀಳನ್ನು ಉಳಬೇಕೋ ಬಿಡಬೇಕೋ ಎಂಬ ಮಾತು ಊರಿನಲ್ಲಿ ಬಂದ ದಿನ, ಹಕ್ಕಿ ಎರಗಿದ್ದು ಎಲ್ಲೆಲ್ಲಿ ಎಂಬ ನಿಮ್ಮ ಪುಸ್ತಕವನ್ನು ಮುಂದಿಡಬಹುದು.